ಸಹಾಯ ಬೇಕು: ಅಮ್ಮನ ಎಲ್‌ಎಲ್‌ಆರ್ (ಗಾಡಿ ಕಲಿಯುವವರ ಲೈಸೆನ್ಸ್) ಪರೀಕ್ಷೆಗೆ ಕನ್ನಡದಲ್ಲಿ ಓದಲು ಏನಿದೆ?

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 52 ವರ್ಷ. ಸ್ಕೂಟಿ ಕಲಿಯಬೇಕು ಅಂತ ಹಟ ಹಿಡಿದಿದ್ದಾರೆ. 40 ದಾಟಿದವರಿಗೆ ಬೇಕಾದ ಡಾಕ್ಟರ್ ಸರ್ಟಿಫಿಕೇಟ್ ಕೂಡ ಮಾಡಿಸಿಯಾಯಿತು. ಆದರೆ ಕಳೆದ ವಾರ ಕಂಪ್ಯೂಟರ್ ಪರೀಕ್ಷೆಯಲ್ಲಿ ಫೇಲಾದರು.

ಗಾಡಿ ಭಯ ಏನೂ ಇಲ್ಲ, ರಸ್ತೆ ಚಿಹ್ನೆಗಳದ್ದೇ ತಲೆನೋವು. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆಗೆ, ದುಂಡಗಿನದು ಕಡ್ಡಾಯ ಅನ್ನುವಷ್ಟು ಗೊತ್ತು. 'ಕಿರಿದಾದ ಸೇತುವೆ' ಮತ್ತು 'ಮುಂದೆ ರಸ್ತೆ ಕಿರಿದು' ಎರಡನ್ನೂ ಅದಲುಬದಲು ಮಾಡುತ್ತಾರೆ. ಕೇಳಿದರೆ, "ನಮ್ಮೂರಲ್ಲಿ ಎರಡೂ ಒಂದೇ ಕಡೆ ಇದೆಯಲ್ಲೋ!" ಅಂತಾರೆ. ಅದೂ ನಿಜವೇ ಅನ್ನಿ. ಪಾರ್ಕಿಂಗ್ ನಿಷೇಧಕ್ಕೆ ಒಂದು ಅಡ್ಡಗೆರೆ, ನಿಲ್ಲಿಸಲೇಬಾರದು ಅನ್ನುವುದಕ್ಕೆ ಇಂಟು ಮಾರ್ಕ್ ಅಂತ ಕ್ಯಾಲೆಂಡರ್ ಹಿಂದೆ ಬರೆದು ಅಡುಗೆಮನೆಯಲ್ಲಿ ಅಂಟಿಸಿದ್ದೇನೆ. ಒಗ್ಗರಣೆ ಹಾಕುತ್ತಾ ಓದುತ್ತಾರೆ.

ಅಮ್ಮ ಓದಿರುವುದು ಏಳನೇ ಕ್ಲಾಸ್. ಪರೀಕ್ಷೆಗೆ ಕನ್ನಡವನ್ನೇ ಆರಿಸಿದ್ದೆವು. ಆದರೂ ಪ್ರಶ್ನೆಗಳಲ್ಲಿರುವ ಪುಸ್ತಕದಂಥ ಕನ್ನಡ ಅರ್ಥ ಆಗುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ನನಗೇ ಎರಡು ಸಲ ಓದಬೇಕಾಯಿತು.

ಚಿತ್ರಗಳಿರುವ ಕನ್ನಡ ಪುಸ್ತಕವೋ ಪಿಡಿಎಫ್ಫೋ ಯಾರ ಬಳಿಯಾದರೂ ಇದೆಯಾ? ಪ್ರಶ್ನೆಯನ್ನು ಓದಿ ಹೇಳುವ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಮನೆಯ ಹಿರಿಯರು ಹೇಗೆ ಪಾಸಾದರು ಅಂತಲೂ ಹೇಳಿ. 'ಏಜೆಂಟ್ ಹಿಡಿಯಿರಿ' ಅನ್ನುವ ಸಲಹೆ ಮಾತ್ರ ಬೇಡ, ಅಮ್ಮ ಒಪ್ಪಲ್ಲ. ಬರುವ ಸೋಮವಾರ ಮತ್ತೆ ಪರೀಕ್ಷೆ ಇದೆ.