ಸಹಾಯ ಬೇಕು: ನನ್ನದೇ ಪುಟಗಳು ಗೂಗಲ್‌ನಲ್ಲಿ ಒಂದಕ್ಕೊಂದು ಅಡ್ಡ ಬರುತ್ತಿವೆ

ಎಲ್ಲರಿಗೂ ನಮಸ್ಕಾರ. ಗಿಡಗಳ ಆರೈಕೆ ಬಗ್ಗೆ ನನ್ನದೊಂದು ವೆಬ್‌ಸೈಟ್ ಇದೆ. ‘ಗುಲಾಬಿ ಗಿಡ ಸವರುವುದು ಹೇಗೆ’ ಅಂತ ಒಂದು ಲೇಖನ ಹಾಕಿದ್ದೆ. ಆಮೇಲೆ ತಲೆಬರಹ ಸ್ವಲ್ಪ ಬದಲಿಸಿ ಅದೇ ವಿಷಯಕ್ಕೆ ಇನ್ನೆರಡು ಬರೆದೆ. ಪುಟ ಜಾಸ್ತಿಯಾದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ.

ಈಗ ಸರ್ಚ್ ಕನ್ಸೋಲ್‌ನಲ್ಲಿ (ಹುಡುಕಾಟದಲ್ಲಿ ನಮ್ಮ ಸೈಟ್ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನ ಸಾಧನ) ಜನ ಹುಡುಕುವ ಆ ಪದ ಆರಿಸಿ ಪುಟಗಳ ಪಟ್ಟಿ ನೋಡಿದರೆ ಮೂರೂ ಕಾಣುತ್ತವೆ. ಒಂದು ವಾರ ಇದು ಮೇಲೆ, ಇನ್ನೊಂದು ವಾರ ಅದು. ಕ್ಲಿಕ್ಕುಗಳೂ ಹಂಚಿಹೋಗಿವೆ, ಹೊರಗಿನಿಂದ ಬಂದ ಲಿಂಕುಗಳೂ ಹಂಚಿಹೋಗಿವೆ. ಲೇಖನ ಒಂದೇ ಇದ್ದಾಗ ಗೂಗಲ್ ಫಲಿತಾಂಶಗಳ ಮೊದಲ ಪುಟದಲ್ಲಿತ್ತು. ಈಗ ಮೂರರಲ್ಲಿ ಒಂದೂ ಅಲ್ಲಿಲ್ಲ. ತುಂಬಾ ಬೇಜಾರಾಗಿದೆ.

ಮೂರನ್ನೂ ಸೇರಿಸಿ ಒಂದೇ ಗಟ್ಟಿ ಲೇಖನ ಮಾಡಿ, ಉಳಿದ ವಿಳಾಸಗಳಿಂದ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಕಾಯಂ ಆಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಕೊಡೋಣ ಅಂತಿದ್ದೇನೆ. ಕೆನಾನಿಕಲ್ ಟ್ಯಾಗ್ (ಒಂದೇ ಬರಹದ ಹಲವು ಪುಟಗಳಲ್ಲಿ ಮುಖ್ಯವಾದದ್ದು ಯಾವುದು ಅಂತ ತಿಳಿಸುವ ಗುರುತು) ಸಾಕು ಅನ್ನುವವರೂ ಇದ್ದಾರೆ. ಆದರೆ ಅದು ಗೂಗಲ್‌ಗೆ ಬರೀ ಸೂಚನೆ, ಪಾಲಿಸಲೇಬೇಕು ಅಂತಿಲ್ಲ ಅಲ್ವಾ? ಅದೂ ಅಲ್ಲದೆ ಮೂರರ ಬರಹವೂ ಬೇರೆ ಬೇರೆ.

ಗೊಂದಲ ಇರುವುದು ಒಂದೇ ಕಡೆ. ಎರಡನೆಯ ಲೇಖನದಲ್ಲಿ ಬಳ್ಳಿ ಗುಲಾಬಿಯ ಭಾಗ ದೊಡ್ಡದಿದೆ. ಅದನ್ನು ಹುಡುಕುವವರ ಅಗತ್ಯವೇ ಬೇರೆ. ಸುಮ್ನೆ ತೆಗೆದುಹಾಕುವ ಬದಲು ಅದಕ್ಕೆ ಮಾತ್ರ ಮೀಸಲಾಗಿ ತಿದ್ದಿ ಉಳಿಸಿಕೊಳ್ಳಬಹುದೇ? ಹೀಗೆ ಮಾಡಿ ನೋಡಿದವರಿದ್ದರೆ ದಯವಿಟ್ಟು ತಿಳಿಸಿ.