ಅಟ್ಟದಲ್ಲಿ ಕಬ್ಬೆಕ್ಕು ಸೇರ್ಕೊಂಡಿದೆ, ಹಿಡಿಯೋರನ್ನ ಕರೆಸಿದವರು ಯಾರಾದ್ರೂ ಇದ್ದೀರಾ?

ಎಲ್ರಿಗೂ ನಮಸ್ತೆ. ನಮ್ದು ಮಲ್ಲೇಶ್ವರದಲ್ಲಿ ಹಳೇ ಹೆಂಚಿನ ಮನೆ, ಮಾವನವರ ಕಾಲದ್ದು, ಹಾಲ್‌ಗೆ ಮಾತ್ರ ಫಾಲ್ಸ್ ಸೀಲಿಂಗ್ ಮಾಡ್ಸಿದೀವಿ. ಹದಿನೈದು ದಿನದಿಂದ ರಾತ್ರಿ ಹನ್ನೊಂದರ ಮೇಲೆ ತಲೆ ಮೇಲೆ ಯಾರೋ ಓಡಾಡಿದ ಹಾಗೆ ಸದ್ದು, ಇಲಿ ಇರ್ಬೇಕು ಅಂದ್ಕೊಂಡಿದ್ವಿ, ಮೊನ್ನೆ ಎದುರು ಮನೆಯವರ ಸಿಸಿಟಿವಿ ನೋಡಿದ್ರೆ ಉದ್ದ ಬಾಲದ ಕಪ್ಪು ಪ್ರಾಣಿ ಕಾಂಪೌಂಡ್ ಹತ್ತಿ ಸೂರಿನ ಒಳಗೆ ನುಗ್ತಾ ಇದೆ. ಕಬ್ಬೆಕ್ಕು ಅಂದ್ರು. ಪೆಸ್ಟ್ ಕಂಟ್ರೋಲ್‌ನವರು ಬಂದು ನೋಡಿ 9 ಸಾವಿರ ಹೇಳಿದಾರೆ, ಬೋನಿಟ್ಟು ಹಿಡಿದು ಊರಾಚೆ ಬಿಟ್ಟು ಬರ್ತೀವಿ, ಆರು ತಿಂಗಳು ಗ್ಯಾರಂಟಿ ಅಂತೆ. ಮನೇಲಿ ಎರಡು ವರ್ಷದ ಮಗು ಇದೆ, ಅತ್ತೆಗೆ ನಿದ್ದೆ ಇಲ್ಲ. ಒಪ್ಕೊಳ್ಳಲಾ? ಇಂಥದ್ದು ಅನುಭವ ಆಗಿರೋರು ದಯವಿಟ್ಟು ಹೇಳಿ.

ಬಸವನಗುಡಿಯಿಂದ:

ಮೇಡಂ, ಅಡ್ವಾನ್ಸ್ ಕೊಡೋ ಮುಂಚೆ ಇದನ್ನೊಂದು ಓದಿ. 2019ರಲ್ಲಿ ನಮ್ಮನೇಲೂ ಇದೇ ಕಥೆ, ಇದೇ ಥರ ಒಂದು ಕಂಪನಿಯವರನ್ನ ಕರೆಸಿದ್ವಿ. ಬಾಳೆಹಣ್ಣು ಹಾಕಿ ಬೋನು ಇಟ್ರು, ಎರಡನೇ ರಾತ್ರಿನೇ ಬಿತ್ತು, ಬೆಳಿಗ್ಗೆ ಬಂದು ತಗೊಂಡು ಹೋದ್ರು, ನಮಗೂ ಸಮಾಧಾನ ಆಯ್ತು. ಅದಾಗಿ ಎರಡು ದಿನಕ್ಕೆ ಸೀಲಿಂಗ್ ಒಳಗಿಂದ ಸಣ್ಣದಾಗಿ ಕೀಂಯ್ ಕೀಂಯ್ ಅಂತ ಶುರುವಾಯ್ತು. ಬೆಕ್ಕಿನ ಮರಿ ಎಲ್ಲೋ ಕೂಗ್ತಿದೆ ಅಂತ ನಾವು ಸುಮ್ನಿದ್ವಿ. ಮೂರನೇ ದಿನ ಬೋರ್ಡ್ ಬಿಚ್ಚಿಸಿ ನೋಡಿದ್ರೆ ಮೂರು ಮರಿ, ಎರಡು ಆಗಲೇ ಸತ್ತು ಹೋಗಿತ್ತು, ಒಂದಕ್ಕೆ ಉಸಿರಿತ್ತು. ಹಿಡ್ಕೊಂಡು ಹೋಗಿದ್ದು ತಾಯೀನ. ಕಂಪನಿಗೆ ಫೋನ್ ಮಾಡಿ ಎಲ್ಲಿ ಬಿಟ್ರಿ ಹೇಳಿ, ವಾಪಸ್ ತರೋಣ ಅಂತ ಕೇಳಿದ್ರೆ "ತುಮಕೂರು ರೋಡಲ್ಲಿ ಎಲ್ಲೋ, ಹುಡುಗರಿಗೆ ಗೊತ್ತು" ಅಂದ್ರು, ಆ ಹುಡುಗರು ಫೋನೇ ಎತ್ತಲಿಲ್ಲ. ಉಳಿದ ಒಂದು ಮರೀನ ವನ್ಯಜೀವಿ ಆಸ್ಪತ್ರೆಗೆ ಮುಟ್ಟಿಸಿದ್ವಿ. ಅವತ್ತು ನನ್ನ ಹೆಂಡತಿ ಅತ್ತಿದ್ದು ಇನ್ನೂ ಕಣ್ಣ ಮುಂದಿದೆ. ಸೀಲಿಂಗ್ ರಿಪೇರಿಗೆ ಬೇರೆ 14 ಸಾವಿರ ಆಯ್ತು, ಅದು ಹಾಳಾಗಿ ಹೋಗ್ಲಿ. ನಾಲ್ಕು ತಿಂಗಳಿಗೆ ಇನ್ನೊಂದು ಕಬ್ಬೆಕ್ಕು ಅದೇ ಸಂದಿಯಲ್ಲಿ ಬಂದು ಸೇರ್ಕೊಳ್ತು, ಯಾಕಂದ್ರೆ ಅಷ್ಟು ದುಡ್ಡು ತಗೊಂಡವರು ಸಂದಿ ಮುಚ್ಚಿರಲೇ ಇಲ್ಲ. ಮರಿ ಇದೆಯಾ ಅಂತ ನೋಡದೆ ಯಾರೂ ಬೋನು ಇಡೋಕೆ ಬಿಡಬೇಡಿ, ನನ್ನ ಕೈಮುಗಿದ ಬೇಡಿಕೆ ಇದು.

ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತನಾದವನು, ಶಿವಮೊಗ್ಗ:

ತಂಗೀ, ಕಾನೂನಿನ ವಿಚಾರ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಕಬ್ಬೆಕ್ಕು, ಪುನುಗು ಬೆಕ್ಕು, ಹಾವು, ಉಡ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಳಗೆ ಬರುವಂಥವು. ಆ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ, ಬೋನಿಟ್ಟು ಹಿಡಿಯೋದು, ಉರುಳು ಹಾಕೋದು ಕೂಡ ಬೇಟೆನೇ. ಪೆಸ್ಟ್ ಕಂಟ್ರೋಲ್‌ನವರು ಲೈಸೆನ್ಸ್ ಇದೆ ಅಂತ ತೋರಿಸ್ತಾರಲ್ಲ, ಅದು 1968ರ ಕೀಟನಾಶಕ ಕಾಯ್ದೆ ಪ್ರಕಾರ ಔಷಧಿ ಹೊಡೆಯೋಕೆ ಕೊಟ್ಟಿದ್ದು, ಜಿರಲೆ ಗೆದ್ದಲಿಗೆ ಸರಿ, ಕಾಡುಪ್ರಾಣಿ ಹಿಡಿಯೋಕೆ ಅದರಿಂದ ಯಾವ ಅಧಿಕಾರವೂ ಬರಲ್ಲ. ಕೇಸ್ ಆದ್ರೆ ಹಿಡಿದವನ ಜೊತೆ ಹಿಡಿಸಿದವರನ್ನೂ ಕೇಳ್ತಾರೆ, 2022ರ ತಿದ್ದುಪಡಿ ಆದ್ಮೇಲೆ ಸಾಮಾನ್ಯ ಉಲ್ಲಂಘನೆಗೂ ದಂಡ 1 ಲಕ್ಷದವರೆಗೆ ಹೋಗಿದೆ. ಹಂಗಾಗಿ ಮೊದಲು ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೆಂಗಳೂರಲ್ಲಿ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಅವರನ್ನೂ ಕೇಳಬಹುದು. ಆದ್ರೆ ಒಂದು ನೇರವಾಗಿ ಹೇಳಿಬಿಡ್ತೀನಿ, ಆರೋಗ್ಯವಾಗಿರೋ ಕಬ್ಬೆಕ್ಕು ಅಟ್ಟದಲ್ಲಿದೆ ಅಂದ್ರೆ ಇಲಾಖೆಯವರು ಬಂದು ಹಿಡ್ಕೊಂಡು ಹೋಗ್ತಾರೆ ಅಂತ ಕಾಯಬೇಡಿ. ಗಾಯ ಆಗಿದ್ರೆ, ಬಾವಿಗೆ ಬಿದ್ದಿದ್ರೆ, ರೂಮಲ್ಲಿ ಸಿಕ್ಕಿಹಾಕ್ಕೊಂಡಿದ್ರೆ ಬರ್ತಾರೆ. ಇಲ್ದಿದ್ರೆ ಅದೇ ಹೋಗೋ ಹಾಗೆ ಮಾಡಿ ಅಂತ ದಾರಿ ಹೇಳ್ತಾರೆ, ಅದೇ ಸರಿ ಕೂಡ.

ಕೇಳಿದವರು:

ಓದಿ ಕೈಕಾಲು ತಣ್ಣಗಾಯ್ತು ಸರ್. ಕಂಪನಿಯವರಿಗೆ ಬರಬೇಡಿ ಅಂತ ಹೇಳ್ಬಿಟ್ಟೆ. ನಮ್ಮಲ್ಲೂ ಮರಿ ಇರಬಹುದು ಅನ್ಸತ್ತೆ, ಸಂಜೆ ಹೊತ್ತು ಸಣ್ಣ ಸದ್ದು ಬರತ್ತೆ. ಮಗುಗೆ ಏನಾದ್ರೂ ಮಾಡತ್ತಾ? ಹೊರಗೆ ಕಳ್ಸೋದು ಹೇಗೆ, ಯಾರನ್ನ ಕರೆಸ್ಬೇಕು?

ಶಿರಸಿಯಿಂದ:

ನಿಮಗೆ ಬೇಕಾಗಿರೋದು ಪ್ರಾಣಿ ಹಿಡಿಯೋರಲ್ಲ ಅಕ್ಕಾ, ಹೆಂಚಿನ ಕೆಲಸದವರು. ನಮ್ಮ ಕಡೆ ಕಬ್ಬೆಕ್ಕು ಅಟ್ಟ ಸೇರೋದು ಪ್ರತಿವರ್ಷದ ವಿಷಯ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿದೀನಿ. ಮಗುಗೆ ಏನೂ ಮಾಡಲ್ಲ, ಅದು ಮನುಷ್ಯರ ವಾಸನೆ ಬಂದ್ರೆ ದೂರ ಹೋಗೋ ಪ್ರಾಣಿ, ಹಗಲೆಲ್ಲ ಮಲಗಿರತ್ತೆ, ರಾತ್ರಿ ಹಣ್ಣು, ಹುಳ, ಇಲಿ ತಿನ್ನೋಕೆ ಹೊರಗೆ ಹೋಗತ್ತೆ. ಮೂಲೆಗೆ ಒತ್ತಿ ಹಿಡಿಯೋಕೆ ಹೋದ್ರೆ ಮಾತ್ರ ಕಚ್ಚತ್ತೆ. ಹಾಗೇನಾದ್ರೂ ಕಚ್ಚಿದ್ರೆ, ಪರಚಿದ್ರೂ ಸರಿ, ಸೋಪು ನೀರಲ್ಲಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಹೋಗಿ ಹುಚ್ಚುನಾಯಿಗೆ ಕೊಡೋ ಇಂಜೆಕ್ಷನ್ನೇ ಹಾಕಿಸ್ಕೋಬೇಕು, ಅದರಲ್ಲಿ ಉದಾಸೀನ ಬೇಡ.

ಮೊದಲು ದಾರಿ ಹುಡುಕಿ. ಎಲ್ಲೆಲ್ಲಿ ಸಂದಿ ಇದೆ ಅನ್ಸತ್ತೋ ಅಲ್ಲೆಲ್ಲ ಸಂಜೆ ರಂಗೋಲಿ ಪುಡಿ ಉದುರಿಸಿ, ಬೆಳಿಗ್ಗೆ ಹೆಜ್ಜೆ ಕಾಣತ್ತೆ. ಪುಡಿ ನಿಲ್ಲದ ಕಡೆ ನ್ಯೂಸ್‌ಪೇಪರ್ ಮುದ್ದೆ ಮಾಡಿ ಸಡಿಲವಾಗಿ ತುರುಕಿ, ಬೆಳಿಗ್ಗೆ ಅದು ಕೆಳಗೆ ಬಿದ್ದಿದ್ರೆ ಅದೇ ಬಾಗಿಲು. ಸಾಮಾನ್ಯವಾಗಿ ಸೂರಿನ ಮೂಲೇಲಿ ಹೆಂಚು ಸರಿದಿರತ್ತೆ, ಇಲ್ಲಾ ಪಕಾಸಿ, ಅಂದ್ರೆ ಮಾಡಿನ ಓರೆ ಮರ, ಗೋಡೆಗೆ ಕೂರೋ ಕಡೆ ಗಾರೆ ಬಿದ್ದು ಹೋಗಿರತ್ತೆ. ಇನ್ನೊಂದು ನೋಡಬೇಕಾದ್ದು ಹಿಕ್ಕೆ, ಒಂದೇ ಜಾಗದಲ್ಲಿ ಹಾಕತ್ತೆ, ಬರೀ ಬೀಜ ಇರತ್ತೆ, ನಮ್ಮಲ್ಲಾದ್ರೆ ಬೈನೆ ಬೀಜ, ಕಾಫಿ ಬೀಜ, ನಿಮ್ಮಲ್ಲಿ ಸಪೋಟಾನೋ ಏನೋ.

ಮರಿ ಇದ್ರೆ ಕಾಯಲೇಬೇಕು. ಒಂದೂವರೆ ಎರಡು ತಿಂಗಳಲ್ಲಿ ತಾಯಿ ಹಿಂದೆನೇ ಹೊರಗೆ ಬರೋಕೆ ಶುರು ಮಾಡ್ತವೆ, ಅಷ್ಟು ದಿನ ಸದ್ದು ಸಹಿಸ್ಕೊಳ್ಳಿ. ಮರಿ ಇಲ್ಲ ಅಂತ ಖಾತ್ರಿ ಇದ್ರೆ ಮಾತ್ರ ಅಟ್ಟದಲ್ಲಿ ಒಂದು ಬಲ್ಬ್ ಹಾಕಿ, ಹಗಲಲ್ಲಿ ರೇಡಿಯೋ ಇಡಿ, ಎರಡು ಮೂರು ದಿನಕ್ಕೆ ಜಾಗ ಬದಲಾಯಿಸತ್ತೆ. ಫಿನಾಯಿಲ್, ನುಸಿ ಗುಳಿಗೆ ಎಲ್ಲ ಹಾಕಬೇಡಿ, ಆ ವಾಸನೆ ಕುಡಿಯೋದು ನಿಮ್ಮ ಮಗುನೇ. ಇಲಿ ಪಾಷಾಣ ಅಂತೂ ಬೇಡವೇ ಬೇಡ.

ಎಲ್ಲಾ ಹೊರಗೆ ಹೋಗಿದಾವೆ ಅಂತ ಗೊತ್ತಾದ ಮೇಲೆ ಬೇರೆ ಸಂದಿ ಎಲ್ಲ ಮುಚ್ಚಿಸಿ, ಮುಖ್ಯ ಬಾಗಿಲಿಗೆ ಹೊರಗಡೆಗೆ ಮಾತ್ರ ತೆರೆಯೋ ಹಾಗೆ ಒಂದು ಜಾಲರಿ ತುಂಡು ಮೇಲಿಂದ ತೂಗುಬಿಡಿ, ಒಳಗಿಂದ ತಳ್ಳಿದ್ರೆ ಹೋಗತ್ತೆ, ಹೊರಗಿಂದ ಬರೋಕಾಗಲ್ಲ. ನಾಲ್ಕು ರಾತ್ರಿ ಬಿಡಿ. ಒಳಗಡೆ ಉದುರಿಸಿದ ಪುಡಿ ಮೇಲೆ ಒಂದೂ ಹೆಜ್ಜೆ ಬೀಳದಿದ್ರೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ ಗಾರೆ ಹಾಕಿಸ್ಬಿಡಿ. ಪ್ಲಾಸ್ಟಿಕ್ ಬಲೆ, ಫೋಮ್ ಎಲ್ಲ ಒಂದು ರಾತ್ರಿಗೆ ಹರಿದು ಹಾಕತ್ತೆ. ನಮ್ಮನೇಲಿ ಹೆಂಚಿನವರ ಎರಡು ದಿನದ ಕೂಲಿ, ಮೆಶ್, ಒಡೆದ ಹೆಂಚು ಎಲ್ಲ ಸೇರಿ 4,200 ಆಗಿತ್ತು, ಆರು ವರ್ಷ ಆಯ್ತು ಮತ್ತೆ ಬಂದಿಲ್ಲ.

ಮರದ ಕೊಂಬೆ ಮಾಡಿಗೆ ತಾಗ್ತಾ ಇದ್ರೆ ಅದನ್ನೂ ನೋಡಿ, ಆದ್ರೆ ಬೆಂಗಳೂರಲ್ಲಿ ಕೊಂಬೆ ಕಡಿಸೋಕೆ ಪಾಲಿಕೆ ಅರಣ್ಯ ವಿಭಾಗದ ಅನುಮತಿ ಕೇಳಬೇಕು, ಹಾಗೇ ಕಡೀಬೇಡಿ.

ಪುತ್ತೂರಿನಿಂದ:

ನಮ್ಮದು ಬಾವಲಿ ಕಥೆ ಮಾರಾಯ್ರೆ. ಹಂಚಿನ ಮಾಡಿನ ಅಡಿಯಲ್ಲಿ ಸಣ್ಣ ಕಣ್ಣಕಪ್ಪಡಿಗಳು, ನೂರರ ಮೇಲೆ ಇದ್ದವೇನೋ, ಗೋಡೆ ಎಲ್ಲ ಕಲೆ, ವಾಸನೆ ಬೇರೆ. ಒಬ್ಬರು ಬಂದು ಹೊಗೆ ಹಾಕಿ ಓಡಿಸ್ತೇನೆ ಅಂದ್ರು, ನಾವು ಬೇಡ ಅಂದೆವು. ಈಗ ಮೇಲೆ ಶಿರಸಿಯವರು ಹೇಳಿದ್ದೇ ಉಪಾಯ, ಸಂಜೆ ಅವು ಹೊರಗೆ ಹೋಗುವ ಸಂದಿಗೆ ಮೇಲಿನಿಂದ ಬಟ್ಟೆ ಇಳಿಬಿಟ್ಟದ್ದು, ಜಾರಿ ಹೊರಗೆ ಬರ್ತವೆ, ಹತ್ತಿ ಒಳಗೆ ಹೋಗ್ಲಿಕ್ಕೆ ಆಗುವುದಿಲ್ಲ. ಹೊಟ್ಟೆಗೆ ಮರಿ ಕಚ್ಚಿಕೊಂಡಿರುವ ಸಮಯದಲ್ಲಿ ಮಾತ್ರ ಮಾಡಬಾರದು. ಹಿಕ್ಕೆ ಒಣಗಿದ್ದನ್ನು ಗುಡಿಸಬೇಡಿ, ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ನೀರು ಚಿಮುಕಿಸಿ ಮಾಸ್ಕ್ ಹಾಕಿ ತೆಗೀರಿ. ಒಂದು ವಿಷಯ ಉಂಟು, ಅವು ಹೋದ ವರ್ಷ ಅಂಗಳದಲ್ಲಿ ಸೊಳ್ಳೆ ಜಾಸ್ತಿ ಆದ ಹಾಗೆ ನಮಗೆಲ್ಲ ಅನಿಸಿತು. ತೋಟದ ಶೆಡ್ಡಿನಲ್ಲಿದ್ದವನ್ನು ಹಾಗೇ ಬಿಟ್ಟಿದ್ದೇವೆ.

ಧಾರವಾಡದಿಂದ:

ನಮ್ಮ ಕಡೆ ಮಂಗ್ಯಾನ ಕಾಟ್ರೀ ಅಕ್ಕಾರ. ಓಣಿ ಮಂದಿ ಎಲ್ಲಾ ಸೇರಿ ಮನಿಗೆ 500 ರೂಪಾಯಿ ಪಟ್ಟಿ ಹಾಕಿ ಹಿಡಿಯೋರನ್ನ ಕರಿಸಿದ್ವಿ. ಹದಿನೆಂಟು ಹಿಡದ್ರು, ಗಾಡ್ಯಾಗ ಹಾಕ್ಕೊಂಡು ಹೋದ್ರು, ಎಲ್ಲಿ ಬಿಟ್ರಿ ಅಂದ್ರ ಬಾಯಿ ಬಿಡವೊಲ್ರು. ಇಲಾಖೆ ಪರವಾನಗಿ ಇರಲಿಲ್ಲಂತ ಆಮ್ಯಾಲೆ ಗೊತ್ತಾತು, ಅಲ್ಲಿಗೆ ಯಾವುದೋ ಹಳ್ಳಿ ಮಂದಿಗೆ ನಮ್ಮ ಕಾಟ ದಾಟಿಸಿದ್ವಿ ಅಷ್ಟ. ಎರಡು ತಿಂಗಳಿಗೆ ಬ್ಯಾರೆ ಹಿಂಡು ಬಂತು. ಕಡೀಕ ನೀರಿನ ಟಾಕಿಗೆ ಗಟ್ಟಿ ಮುಚ್ಚಳ ಹಾಕಿಸಿ, ಕಸ ಹೊರಗ ಇಡೋದು ನಿಲ್ಲಿಸಿ, ಗುಡಿ ಮುಂದ ಬಾಳೆಹಣ್ಣು ಹಾಕಬ್ಯಾಡ್ರಿ ಅಂತ ಎಲ್ಲಾರ ಕೈಕಾಲು ಹಿಡದು ಹೇಳಿದ ಮ್ಯಾಲೆ ಕಡಿಮಿ ಆತು ನೋಡ್ರಿ.

ಸಾಗರದಿಂದ:

ಮಂಗನ ಮಾತು ಬಂತಲ್ಲ ಅದಕ್ಕೆ ಬರೀತಿದೀನಿ. ಮಲೆನಾಡಿನವರು ಮನೆ ಹತ್ರ, ತೋಟದಲ್ಲಿ ಮಂಗ ಸತ್ತು ಬಿದ್ದಿದ್ರೆ ಯಾವ ಕೆಲಸದವರನ್ನೂ ಕರೆದು ತೆಗೆಸಬೇಡಿ. 1957ರಲ್ಲಿ ನಮ್ಮ ಸೊರಬ ಕಡೆ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ, ಅದನ್ನ ಹರಡೋದು ಉಣುಗು (ಉಣ್ಣೆ), ಸತ್ತ ಮಂಗದ ಮೈಮೇಲಿಂದ ಅದು ಉದುರಿ ಸುತ್ತ ಹರಡಿರತ್ತೆ. ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ತಿಳಿಸಿ.

ಮೈಸೂರಿಂದ:

ಇಲ್ಲಿ ಓದೋ ಬೇರೆಯವರಿಗೆ ಉಪಯೋಗ ಆಗ್ಲಿ ಅಂತ ಹಾವಿನ ವಿಚಾರ ಹೇಳ್ತೀನಿ, ಯಾಕಂದ್ರೆ ಹಾವು ಮನೆ ಒಳಗೆ ಬಂದಾಗ ಮಾತ್ರ ಹಿಡಿಯೋರನ್ನ ಕರೆಸದೆ ಬೇರೆ ದಾರಿ ಇಲ್ಲ, ಕಬ್ಬೆಕ್ಕಿನ ಥರ ಕಾಯೋಕಾಗಲ್ಲ. ನಮ್ಮೂರಲ್ಲಿ ಸ್ನೇಕ್ ಶ್ಯಾಮ್ ಅವರ ಪುಣ್ಯದಿಂದ ಹಾವು ಕಂಡ್ರೆ ಕೋಲು ಹುಡುಕದೆ ಫೋನ್ ಹುಡುಕೋ ಅಭ್ಯಾಸ ಜನಕ್ಕೆ ಬಂದಿದೆ. ಆದ್ರೆ ಈಗ ವಿಡಿಯೋಗೋಸ್ಕರ ಹಿಡಿಯೋ ಹುಡುಗರು ಜಾಸ್ತಿ ಆಗಿದಾರೆ. ನನ್ನ ಲೆಕ್ಕ ಇಷ್ಟೇ, ಬಂದವರ ಕೈಯಲ್ಲಿ ಕೊಕ್ಕೆ, ಪೈಪು, ಚೀಲ ಇರ್ಬೇಕು, ಹಾವನ್ನ ಪೈಪಿನೊಳಗೆ ತಾನಾಗೇ ಹೋಗೋ ಹಾಗೆ ಮಾಡಿ ಚೀಲ ಕಟ್ತಾರಲ್ಲ ಅವರು ಕೆಲಸ ಗೊತ್ತಿರೋರು. ಬಾಲ ಹಿಡಿದು ಎತ್ತಿ ಮಕ್ಕಳಿಗೆ ತೋರಿಸಿ ಮುತ್ತು ಕೊಡೋಕೆ ಹೋಗೋರನ್ನ ಮತ್ತೆ ಕರೀಬೇಡಿ. ಚಿಕ್ಕಮಗಳೂರಲ್ಲಿ 2023ರಲ್ಲಿ ಎಷ್ಟೋ ವರ್ಷದಿಂದ ಹಾವು ಹಿಡಿದು ಹೆಸರು ಮಾಡಿದ್ದವರೇ ನಾಗರಹಾವು ಕಚ್ಚಿ ತೀರಿಕೊಂಡ್ರು, ಅನುಭವ ಇದ್ದವರಿಗೇ ಹಾಗಾದ್ರೆ ಹುಡುಗರ ಗತಿ ಏನು ಹೇಳಿ.

ಅವರು ಬರೋ ತನಕ ಆ ರೂಮಲ್ಲಿ ಒಬ್ಬರು ದೂರ ನಿಂತು ಹಾವಿನ ಮೇಲೆ ಕಣ್ಣಿಟ್ಟಿರಬೇಕು, ಎಲ್ಲಿ ಹೋಯ್ತು ಅಂತಾನೇ ಗೊತ್ತಿಲ್ದಿದ್ರೆ ಬಂದವರು ಏನೂ ಮಾಡೋಕಾಗಲ್ಲ. ಬೇರೆ ಬಾಗಿಲು ಮುಚ್ಚಿ ಕೆಳಗಿನ ಸಂದಿಗೆ ಟವೆಲ್ ತುರುಕಿ, ನಾಯಿ ಕಟ್ಟಿಹಾಕಿ. ದುಡ್ಡು ಅಂತ ನಾನು ಪೆಟ್ರೋಲ್ ಖರ್ಚು ಸೇರಿಸಿ 500, ರಾತ್ರಿಯಾದ್ರೆ 1,000 ಕೊಟ್ಟಿದೀನಿ, ಕೇಳದೇ ಇದ್ರೂ ಕೊಡಿ. ಯಾರಿಗಾದ್ರೂ ಕಚ್ಚಿದ್ರೆ ಹಿಡಿಯೋರಿಗೆ ಕಾಯಬೇಡಿ, ನಾಟಿ ಔಷಧಿಗೂ ಹೋಗಬೇಡಿ, ನೇರ ಆಸ್ಪತ್ರೆ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಇಂಜೆಕ್ಷನ್, ಅದಕ್ಕೆ ಯಾವ ಹಾವು ಅಂತ ಹಿಡಿದು ತರೋ ಸಾಹಸ ಬೇಕಿಲ್ಲ.

ತೀರ್ಥಹಳ್ಳಿಯಿಂದ:

ಮೈಸೂರಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಹಿಡಿದ ಹಾವನ್ನ ಎಲ್ಲಿ ಬಿಡ್ತಾರೆ ಅಂತ ಕೇಳಿ. ದೂರದ ಕಾಡಿಗೆ ಬಿಡ್ತೀವಿ ಅಂದ್ರೆ ಕೇಳೋಕೆ ಚೆನ್ನಾಗಿರತ್ತೆ, ಅದು ಒಳ್ಳೇದಲ್ಲ. ನಮ್ಮ ಆಗುಂಬೆ ಸಂಶೋಧನಾ ಕೇಂದ್ರದವರು ಕಾಳಿಂಗಕ್ಕೆ ರೇಡಿಯೋ ಟ್ರಾನ್ಸ್‌ಮಿಟರ್ ಹಾಕಿ ಹಿಂದೆ ಹೋಗಿ ನೋಡಿದಾರೆ, ಬೇರೆ ಕಡೆ ಒಯ್ದು ಬಿಟ್ಟ ಹಾವು ನೆಲೆ ನಿಲ್ಲದೆ ತುಂಬಾ ದೂರ ಅಲೆದಿದೆ. ನಮ್ಮನೆ ಕೊಟ್ಟಿಗೆಗೆ ಬಂದಿದ್ದನ್ನ ಹತ್ತಿರದ ಹಳ್ಳದ ಪಕ್ಕದಲ್ಲೇ ಬಿಟ್ರು, ನಾವೂ ಮೊದಲು ಹೆದರಿದ್ವಿ, ಮತ್ತೆ ಈ ಕಡೆ ತಲೆ ಹಾಕಿಲ್ಲ.

ಕೇಳಿದವರು, ಎರಡು ತಿಂಗಳಾದ ಮೇಲೆ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಫೆಬ್ರವರೀಲಿ ಕೇಳಿದ್ದು, ಈಗ ಏಪ್ರಿಲ್ ಮುಗೀತಾ ಬಂತು. 1926ಕ್ಕೆ ಫೋನ್ ಮಾಡಿದ್ವಿ, ಅವರೂ ಮರಿ ದೊಡ್ಡದಾಗೋ ತನಕ ಕಾಯಿರಿ ಅಂದ್ರು. ಎರಡು ಮರಿ ಇತ್ತು. ಅತ್ತೆ ಮೊದಲು ಬೈದ್ರು, ಆಮೇಲೆ ಅವರೇ ರಾತ್ರಿ ಕಿಟಕಿ ಹತ್ರ ಕೂತು ತಾಯಿ ಹಿಂದೆ ಎರಡೂ ಕಾಂಪೌಂಡ್ ಮೇಲೆ ನಡ್ಕೊಂಡು ಹೋಗೋದನ್ನ ನನಗೆ ಕರೆದು ತೋರಿಸಿದ್ರು. ಜಾಲರಿ ತೂಗುಬಿಟ್ಟು ಐದು ರಾತ್ರಿ ನೋಡಿದ್ವಿ, ಮೊದಲ ರಾತ್ರಿ ಪುಡಿ ಮೇಲೆ ಹೊರಗೆ ಹೋದ ಹೆಜ್ಜೆ ಮಾತ್ರ, ಆಮೇಲೆ ಏನೂ ಇಲ್ಲ. ಮೊನ್ನೆ ಭಾನುವಾರ ಮೆಶ್ ಹಾಕಿ ಗಾರೆ ಹಾಕ್ಸಿದ್ವಿ, ಒಟ್ಟು 6,300 ಆಯ್ತು, ಹೆಂಚೇ ಮೂವತ್ತು ಒಡೆದಿತ್ತು. ಮೂರನೇ ಮನೆಯವರ ಹಳೇ ಗ್ಯಾರೇಜ್ ಮೇಲೆ ಈಗ ಓಡಾಡ್ತಿವೆ ಅಂತ ಅವರು ಹೇಳಿದ್ರು, ಇದನ್ನೆಲ್ಲ ಅವರಿಗೂ ಕಳ್ಸಿದೀನಿ. ಹೆಂಚಿನ ಕೆಲಸದವರ ನಂಬರ್ ಬೇಕಾದವರು ಮೆಸೇಜ್ ಮಾಡಿ, ಮಳೆ ಹಿಡ್ಕೊಂಡ್ರೆ ಮಾಡು ಹತ್ತಲ್ಲ ಅಂದಿದಾರೆ ಅವರು, ಮೇ ಒಳಗೇ ಕರೆಸ್ಕೊಳ್ಳಿ.