ಮ್ಯಾಟ್, ಮರದ ನೆಲ, ಕಾಂಕ್ರೀಟು: ಅಭ್ಯಾಸದ ವೇಳೆ ಪಾದಗಳನ್ನು ಹೇಗೆ ಕಾಪಾಡಿಕೊಳ್ಳುತ್ತೀರಿ?

ಪ್ರಶ್ನೆ: ನಮ್ಮ ಕರಾಟೆ ತರಗತಿ ಇದುವರೆಗೆ ಮ್ಯಾಟ್ ಮೇಲೆ ಬರಿಗಾಲಿನಲ್ಲಿ ನಡೆಯುತ್ತಿತ್ತು. ಈಗ ಕೆಲವು ದಿನ ಮರದ ನೆಲದ ಮೇಲೆ, ಉಳಿದ ದಿನ ಕಾಂಕ್ರೀಟ್ ಅಂಗಳದಲ್ಲಿ ಅಭ್ಯಾಸ ಮಾಡಬೇಕಾಗಿದೆ. ಹೆಬ್ಬೆರಳಿನ ಬುಡದಲ್ಲಿ ಚರ್ಮ ಸೀಳಿದೆ, ಹಿಮ್ಮಡಿಯೂ ನೋಯುತ್ತಿದೆ. ಶೂ ಹಾಕಿಕೊಳ್ಳಬೇಕೆ, ಹಾಕಿಕೊಳ್ಳುವುದಾದರೆ ಎಂತಹುದು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಕರಾಟೆ ಅಭ್ಯಾಸಿಯೊಬ್ಬರ ಉತ್ತರ: ಕಾಂಕ್ರೀಟಿನ ಮೇಲೆ ಶೂ ಬೇಕೇ ಬೇಕು. ಆದರೆ ಕೊಳ್ಳುವ ಮುನ್ನ ಅದನ್ನು ಹಾಕಿಕೊಂಡು, ಪಾದ ನೆಲದ ಮೇಲೆ ಎಷ್ಟು ಸಲೀಸಾಗಿ ತಿರುಗುತ್ತದೆ ಎಂಬುದನ್ನು ಪರೀಕ್ಷಿಸಿ. ಮವಾಶಿ ಗೇರಿ (ಪಕ್ಕದಿಂದ ಸುತ್ತಿ ಬರುವ ಒದೆತ) ಒದೆಯುವಾಗ ಊರಿದ ಕಾಲಿನ ಹಿಮ್ಮಡಿ ಎದುರಾಳಿಯ ಕಡೆಗೆ ತಿರುಗಬೇಕು. ಓಟದ ಶೂವಿನ ಒರಟು ರಬ್ಬರ್ ಸೋಲ್ ನೆಲವನ್ನು ಕಚ್ಚಿ ಹಿಡಿದು ಪಾದವನ್ನು ತಿರುಗಗೊಡದಿದ್ದರೆ, ಸೊಂಟದಿಂದ ಬಂದ ತಿರುವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಅದರ ದಪ್ಪ ಹಿಮ್ಮಡಿಯಿಂದ ಕಣಕಾಲು ಉಳುಕುವ ಅಪಾಯವೂ ಇದೆ. ತೆಳುವಾದ, ಸಮತಟ್ಟಾದ, ಸುಲಭವಾಗಿ ಬಾಗುವ ಸೋಲಿನ ಶೂ ನನಗೆ ಒಗ್ಗಿದೆ. ಟೇಕ್ವಾಂಡೋ ಶೂಗಳಲ್ಲಿ ಪಾದದ ಮುಂಭಾಗದಡಿ ತಿರುಗಲೆಂದೇ ವೃತ್ತಾಕಾರದ ಅಚ್ಚು ಇರುವುದುಂಟು. ಇಂತಹ ತೆಳು ಸೋಲ್ ಪೆಟ್ಟನ್ನು ಹೆಚ್ಚು ತಡೆಯುವುದಿಲ್ಲವಾದ್ದರಿಂದ, ಜಿಗಿತದ ಅಭ್ಯಾಸಗಳನ್ನು ಕಾಂಕ್ರೀಟಿನ ದಿನಗಳಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು.

ಮರದ ನೆಲಕ್ಕೆ ಬರಿಗಾಲೇ ಸರಿ. ಕಾಲುಚೀಲ ಜಾರುತ್ತದೆ, ಧೂಳೂ ಜಾರಿಸುತ್ತದೆ. ಆದ್ದರಿಂದ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ನೆಲ ಪೂರ್ತಿ ಒಣಗಲು ಬಿಡಿ.

ಚರ್ಮ ಸಾಮಾನ್ಯವಾಗಿ ಸೀಳುವುದು ಜಡ್ಡುಗಟ್ಟಿದ ಭಾಗವೂ ಮೆತ್ತನೆಯ ಭಾಗವೂ ಸೇರುವ ಅಂಚಿನಲ್ಲಿ. ದಪ್ಪ ಚರ್ಮ ಬಾಗದೆ ನಿಂತಾಗ, ಬೆರಳು ಮಡಿಸಿದ ಸೆಳೆತವೆಲ್ಲ ಆ ಗೆರೆಯ ಮೇಲೆ ಬೀಳುತ್ತದೆ. ಗಾಯ ಮಾಗಿದ ಮೇಲೆ, ಸ್ನಾನವಾದೊಡನೆ ಜಡ್ಡನ್ನು ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಿ, ಮಲಗುವಾಗ ಪೆಟ್ರೋಲಿಯಂ ಜೆಲ್ಲಿ ಸವರಿ, ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಬ್ಲೇಡಿನಿಂದ ಮಾತ್ರ ಕೆತ್ತಬೇಡಿ. ಈಗಿನ ಸೀಳಿಗೆ, ತೊಳೆದು ಒಣಗಿಸಿ, ಗಾಯಕ್ಕೆ ಕಟ್ಟುವ ತೆಳುವಾದ ಗಾಜ್ ಬಟ್ಟೆ ಇಟ್ಟು ಟೇಪ್ ಸುತ್ತಿ: ಒಂದು ಸುತ್ತು ಹೆಬ್ಬೆರಳಿಗೆ, ಒಂದು ಸುತ್ತು ಪಾದದ ಮುಂಭಾಗಕ್ಕೆ, ಇವೆರಡನ್ನೂ ಕೂಡಿಸುವ ಪಟ್ಟಿ ಸೀಳಿನ ಮೇಲೆ. ಟೇಪಿನ ತುದಿ ಅಂಗಾಲಿನಡಿ ಬಂದರೆ ತಿರುಗುವಾಗ ಸುರುಳಿಯಾಗಿ ಕಿತ್ತುಬರುತ್ತದೆ. ಅದು ಪಾದದ ಮೇಲ್ಭಾಗದಲ್ಲೇ ಕೊನೆಯಾಗಲಿ. ಉಗುರನ್ನು ಒತ್ತಿ ಬಿಟ್ಟಾಗ ಬಣ್ಣ ಕೂಡಲೇ ಮರಳದಿದ್ದರೆ ಟೇಪ್ ಬಿಗಿಯಾಗಿದೆ ಎಂದೇ ಅರ್ಥ.

ಕೆಂಡೋ (ಬಿದಿರಿನ ಕತ್ತಿಯ ಜಪಾನೀ ಸಮರಕಲೆ) ಅಭ್ಯಾಸಿಯೊಬ್ಬರ ಉತ್ತರ: ಮರದ ನೆಲಕ್ಕೆ ಬಲಗಾಲನ್ನು ಅಪ್ಪಳಿಸಿ ಮುನ್ನುಗ್ಗುವ ನಮ್ಮ ಅಭ್ಯಾಸದಲ್ಲಿ ಹಿಮ್ಮಡಿಯ ನೋವು ಎಲ್ಲರಿಗೂ ಪರಿಚಿತ. ಹಿಮ್ಮಡಿ ಮೊದಲು ನೆಲಕ್ಕೆ ತಾಗಿದರೆ ಅಲ್ಲಿನ ಕೊಬ್ಬಿನ ಮೆತ್ತೆ ಜಜ್ಜಿಹೋಗುತ್ತದೆ. ಇಡೀ ಅಂಗಾಲು ಒಮ್ಮೆಗೇ ತಾಗುವಂತೆ ಕಲಿತ ಮೇಲೆ ನನ್ನ ನೋವು ಕಡಿಮೆಯಾಯಿತು. ಹಿಮ್ಮಡಿಗೆ ತೊಡುವ ಮೆತ್ತೆಯ ಪಟ್ಟಿಯೂ ನೆರವಾಗುತ್ತದೆ. ನಿಮ್ಮ ನೋವು ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ತೀವ್ರವಾಗಿದ್ದು, ಓಡಾಡಿದಂತೆ ಇಳಿಯುವುದಾದರೆ ಅಂಗಾಲಿನ ತಂತುಪಟ್ಟಿಯ (ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಹಾಯುವ ಗಟ್ಟಿ ಪಟ್ಟಿಯ) ಸಮಸ್ಯೆಯಿರಬಹುದು. ಮೀನಖಂಡವನ್ನೂ ಅಂಗಾಲನ್ನೂ ದಿನವೂ ಹಿಗ್ಗಿಸುವುದು ಇದಕ್ಕೆ ಒಳ್ಳೆಯದು. ಮೂಳೆಯ ಮೇಲೆ ಒಂದೇ ಜಾಗದಲ್ಲಿ ನೋವಿದ್ದು, ಭಾರ ಹಾಕಿದಷ್ಟೂ ಹೆಚ್ಚುತ್ತಿದ್ದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಏಕೆಂದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು.

ಜೂಡೋ ಕಲಿಸುವವರೊಬ್ಬರ ಉತ್ತರ: ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಸೀಳು ಮುಚ್ಚಿಕೊಳ್ಳುವವರೆಗೆ ಬರಿಗಾಲಿನಲ್ಲಿ ಮ್ಯಾಟ್ ಹತ್ತದಿರುವಂತೆ ವಿನಂತಿಸುತ್ತೇನೆ. ತೆರೆದ ಗಾಯದ ಮೂಲಕ ಸೋಂಕು ನಿಮಗೂ ತಗಲುತ್ತದೆ, ನಿಮ್ಮಿಂದ ಇತರರಿಗೂ ಹರಡುತ್ತದೆ. ಕಾಂಕ್ರೀಟಿಗೆ ಬಳಸಿದ ಶೂ ಮ್ಯಾಟ್ ಮೇಲೆ ಬರಕೂಡದು. ಮ್ಯಾಟಿನಿಂದ ಇಳಿದ ಬರಿಗಾಲು ಚಪ್ಪಲಿಯಿಲ್ಲದೆ ಶೌಚಾಲಯಕ್ಕೆ ಹೋಗಕೂಡದು. ಅಭ್ಯಾಸ ಮುಗಿದೊಡನೆ ಪಾದ ತೊಳೆದು, ಬೆರಳುಗಳ ಸಂದುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಏಕೆಂದರೆ ಶಿಲೀಂಧ್ರ ಬೆಳೆಯುವುದು ತೇವವಿರುವ ಆ ಸಂದುಗಳಲ್ಲೇ. ತುರಿಕೆ, ಸುಲಿತ ಕಂಡರೆ ಔಷಧಿಯನ್ನು ಹೇಳಿದಷ್ಟು ದಿನ ಪೂರ್ತಿ ಹಚ್ಚಿ. ತುರಿಕೆ ನಿಂತಿತೆಂದು ನಡುವೆ ಬಿಟ್ಟರೆ ಮತ್ತೆ ಬರುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಆಳಕ್ಕೆ ಕತ್ತರಿಸಬೇಡಿ. ಮಧುಮೇಹವಿರುವವರು ಪಾದದ ಸಣ್ಣ ಗುಳ್ಳೆಗೂ ಮನೆಮದ್ದು ಮಾಡದೆ ವೈದ್ಯರನ್ನು ಕಾಣಬೇಕು.